ಹಲಗಾದ ಭಟ್ಟಿಗೆ ವರ್ಷಕ್ಕೆ ಹತ್ತೇ ದಿನ ಬೆಂಕಿ

ಬೆಳಗಾವಿಯ ಅತಿ ದೊಡ್ಡ ಕಾರ್ಖಾನೆ ಯಾವುದು ಅಂತ ಕೇಳಿ ನೋಡಿ. ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದವರು ಒಂದು ಹೆಸರು ಹೇಳುತ್ತಾರೆ, ಮಚ್ಛೆಯವರು ಇನ್ನೊಂದು, ಸಕ್ಕರೆ ಕಡೆಯವರು ಮತ್ತೊಂದು. ಎಲ್ಲರದೂ ತಪ್ಪು. 127 ಎಕರೆ ಜಾಗ, ನಾಲ್ಕು ಅಂತಸ್ತು, 400 ಕೋಟಿ ರೂಪಾಯಿ ಆಜೂಬಾಜೂ ಬಂಡವಾಳ, ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕ, ಹಗಲು-ರಾತ್ರಿ ಪೊಲೀಸ್ ಕಾವಲು. ಇಷ್ಟೆಲ್ಲ ಇರುವುದು ಹಲಗಾ-ಬಸ್ತವಾಡದ ಸುವರ್ಣ ವಿಧಾನಸೌಧಕ್ಕೆ ಮಾತ್ರ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಂದು ಉದ್ಘಾಟಿಸಿದರು. ಅಂದಿನಿಂದ ಈ ಕಾರ್ಖಾನೆ ವಿಧಾನಮಂಡಲದ ಅಧಿವೇಶನಕ್ಕೆಂದು ವರ್ಷಕ್ಕೆ ಸುಮಾರು ಹತ್ತು ದಿನ ನಡೆಯುತ್ತದೆ. ಕೋವಿಡ್ ಬಂದ 2020ರಲ್ಲಿ ಅದೂ ಇಲ್ಲ. ನಡುವೆ ಒಂದಷ್ಟು ಕಚೇರಿಗಳನ್ನು ತಂದು ಕೂಡಿಸಿದ್ದಾರೆ ನಿಜ, ಆದರೆ ಅದು ಕಾರ್ಖಾನೆಯ ಗೋದಾಮನ್ನು ಬಾಡಿಗೆ ಕೊಟ್ಟ ಲೆಕ್ಕ. ಮುಖ್ಯ ಮಷೀನು ನಿಂತೇ ಇದೆ.

365ರಲ್ಲಿ ಹತ್ತು ಅಂದರೆ ಶೇ. 2.7. ಉದ್ಯಮಬಾಗದಲ್ಲಿ ಯಾವನಾದರೂ ಸಾಲ ಎತ್ತಿ ಭಟ್ಟಿ ಹಾಕಿ, ನೂರು ದಿನದಲ್ಲಿ ಮೂರು ದಿನವೂ ನಡೆಸುವುದಿಲ್ಲ ಅಂದರೆ, ಬ್ಯಾಂಕಿನವರು ಬೀಗ ತರುವ ಮೊದಲೇ ಮನೆಯವರು ಅವನನ್ನು ಧಾರವಾಡದ ಹುಚ್ಚಾಸ್ಪತ್ರೆಯ ಗಾಡಿ ಹತ್ತಿಸುತ್ತಾರೆ.

ಪಂಪಿನ ಕೇಸಿಂಗ್, ಕಂಪ್ರೆಸರ್ ಬಾಡಿ, ಟ್ರ್ಯಾಕ್ಟರ್ ಭಾಗ, ವಾಲ್ವು ಎರಕ ಹೊಯ್ದು ದೇಶಕ್ಕೆಲ್ಲ ಕಳಿಸುವ ಊರಿದು. ಹಾಗಾಗಿ ಹಲಗಾದ ಕಾರ್ಖಾನೆಯನ್ನು ಫೌಂಡ್ರಿಯ ಕಣ್ಣಿಂದಲೇ ತಪಾಸಣೆ ಮಾಡುವುದು ನ್ಯಾಯ. ಬೇರೆ ಕಣ್ಣಿಂದ ನೋಡಲು ಬೆಂಗಳೂರಿನವರಿದ್ದಾರೆ.

ಮೊದಲು ಭಟ್ಟಿ. ಉರಿಯುವ ಭಟ್ಟಿಗಿಂತ ಆರಿದ ಭಟ್ಟಿ ದುಬಾರಿ ಅನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕರೆಂಟಿನಿಂದ ಕಬ್ಬಿಣ ಕರಗಿಸುವ ಭಟ್ಟಿಯ, ಅಂದರೆ ಇಂಡಕ್ಷನ್ ಫರ್ನೆಸ್ಸಿನ, ಒಳಮೈಗೆ ಲೈನಿಂಗ್ ಅನ್ನುತ್ತಾರೆ. ಸಿಲಿಕಾ ಪುಡಿಗೆ ಶೇ. 1ರ ಆಸುಪಾಸು ಬೋರಿಕ್ ಆ್ಯಸಿಡ್ ಬೆರೆಸಿ, ಉಕ್ಕಿನ ಫಾರ್ಮರ್ (ಆಕಾರ ಕೊಡುವ ಡಬ್ಬಿ) ಸುತ್ತ ಪದರಪದರವಾಗಿ, ನೀರು ಸೋಕಿಸದೆ, ಬಡಿದು ಕೂಡಿಸಬೇಕು. ಆಮೇಲೆ ಗಂಟೆಗೆ ನೂರು ಡಿಗ್ರಿಯ ಅಳತೆಯಲ್ಲಿ ಕಾಸುತ್ತ ಹೋಗಿ, ಕಡೆಗೆ 1,600 ಡಿಗ್ರಿಯ ಹತ್ತಿರ ಒಂದೆರಡು ಗಂಟೆ ಹಿಡಿದು ನಿಲ್ಲಿಸಿದರೆ ಪುಡಿ ಒಂದೇ ಗೋಡೆಯಾಗಿ ಕೂಡಿಕೊಳ್ಳುತ್ತದೆ. ಅವಸರ ಮಾಡಿದಿರೋ ಬಿರುಕು. ಬಿರುಕಿನಲ್ಲಿ ಕರಗಿದ ಕಬ್ಬಿಣ ನುಗ್ಗಿ ತಾಮ್ರದ ಕಾಯಿಲ್ ಮುಟ್ಟಿತೋ, ಕಾಯಿಲ್ ಒಳಗೆ ಹರಿಯುವುದು ನೀರು. ಮುಂದಿನದನ್ನು ಆ ಶೆಡ್ಡಿನ ತಗಡು ಹೇಳುತ್ತದೆ. ಪ್ರತಿ ಸಲ ಆರಿ, ಮತ್ತೆ ಕಾದಾಗಲೂ ಲೈನಿಂಗ್ ಕುಗ್ಗಿ ಹಿಗ್ಗಿ ಸೀಳುತ್ತದೆ. ಅದಕ್ಕೇ ಬಲ್ಲವರು ಭಟ್ಟಿ ಆರಗೊಡದೆ ಹೀಟ್ ಮೇಲೆ ಹೀಟ್, ಅಂದರೆ ಒಂದು ಸಲ ಕರಗಿಸಿದ ಬೆನ್ನಿಗೇ ಇನ್ನೊಂದು ಸಲ, ತೆಗೆಯುತ್ತಾರೆ. ಒಂದು ಟನ್ ಕಬ್ಬಿಣ ಕರಗಿಸಲು 550ರಿಂದ 650 ಯೂನಿಟ್ ಕರೆಂಟು ಬೇಕು; ತಣ್ಣಗಾದ ಭಟ್ಟಿಯಲ್ಲಾದರೆ ಮೊದಲ ಹೀಟಿಗೆ ಇನ್ನೂ ಹೆಚ್ಚು, ಗೋಡೆಯನ್ನೂ ಕಾಸಬೇಕಲ್ಲ.

ಹಲಗಾದಲ್ಲಿ ಮಾಡುವುದೆಲ್ಲ ಕೋಲ್ಡ್ ಸ್ಟಾರ್ಟೇ. ನವೆಂಬರ್ ಬಂತೆಂದರೆ ಬಣ್ಣ, ಮೈಕಿನ ತಪಾಸಣೆ, ಲಿಫ್ಟಿನ ತಪಾಸಣೆ, ಹುಲ್ಲು ಕತ್ತರಿಕೆ. ಹನ್ನೊಂದು ತಿಂಗಳು ಇಲ್ಲದ ರಸ್ತೆ ಗುಂಡಿಗಳು ಒಮ್ಮೆಲೇ ಅಧಿಕಾರಿಗಳ ಕಣ್ಣಿಗೆ ಬೀಳುತ್ತವೆ. ಊರಿನ ಲಾಡ್ಜುಗಳೆಲ್ಲ ಭರ್ತಿಯಾಗಿ ಹುಬ್ಬಳ್ಳಿ-ಧಾರವಾಡದ ತನಕ ರೂಮು ಹಿಡಿಯುತ್ತಾರೆ. ಕಾರು ಸಾಲದೆ ಬೇರೆ ಜಿಲ್ಲೆಯಿಂದ ತರಿಸುತ್ತಾರೆ. ಪೊಲೀಸರಿಗೆ ಊಟ, ಹಾಸಿಗೆ, ಬಿಸಿನೀರು. ಬೆಂಗಳೂರಿನಿಂದ ಫೈಲುಗಳು ಲಾರಿ ಹತ್ತುತ್ತವೆ. ಹತ್ತು ದಿನದ ಮೇಲೆ ಅವೇ ಫೈಲುಗಳು, ಬಹಳಷ್ಟು ಗಂಟು ಸಹ ಬಿಚ್ಚದೆ, ಅದೇ ದಾರಿಯಲ್ಲಿ ವಾಪಸು. ಗೋಡೆ ಕಾಯಿತು ಅನ್ನುವಷ್ಟರಲ್ಲಿ ಸದನವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿರುತ್ತಾರೆ. ಲೈನಿಂಗ್ ಸೀಳುವುದು ಇನ್ನೂ ಸೂಕ್ಷ್ಮವಾಗಿ ನಡೆಯುತ್ತದೆ. ಮೊದಲ ವರ್ಷಗಳಲ್ಲಿ ಮನವಿ ಹಿಡಿದು ಆಸೆಯಿಂದ ಹೋದವರು, ಈಗ ಜಾತ್ರೆಗೆ ಹೋದಂತೆ ಹೋಗಿ ಬರುತ್ತಾರೆ.

ಉಸುಕಿನ ವಿಷಯಕ್ಕೆ ಬರೋಣ. ಗ್ರೀನ್ ಸ್ಯಾಂಡ್ ಮೋಲ್ಡಿಂಗಿಗೆ, ಅಂದರೆ ಹಸಿ ಉಸುಕಿನ ಅಚ್ಚಿಗೆ, ಸಿಲಿಕಾ ಉಸುಕು, ನೂರಕ್ಕೆ ಆರರಿಂದ ಎಂಟು ಭಾಗ ಬೆಂಟೊನೈಟ್ ಅನ್ನುವ ಅಂಟುಮಣ್ಣು, ಮೂರರಿಂದ ನಾಲ್ಕು ಭಾಗ ನೀರು, ಸ್ವಲ್ಪ ಕಲ್ಲಿದ್ದಲ ಪುಡಿ. ಹಳೇ ಮಿಸ್ತ್ರಿಗಳು ಲ್ಯಾಬಿಗೆ ಹೋಗುವುದಿಲ್ಲ. ಮುಷ್ಟಿಯಲ್ಲಿ ಹಿಡಿದು ಒತ್ತಿ, ಉಂಡೆಯನ್ನು ನಡು ಮುರಿದು ನೋಡುತ್ತಾರೆ. ಅಂಚು ಚೊಕ್ಕ ಮುರಿದರೆ ಸರಿ. ಉದುರಿದರೆ ನೀರು ಕಡಿಮೆ, ಅಂಗೈಗೆ ಅಂಟಿದರೆ ಹೆಚ್ಚು. ನೀರು ಹೆಚ್ಚಾದ ಮೋಲ್ಡಿಗೆ 1,350-1,400 ಡಿಗ್ರಿಯ ಲೋಹ ಬಿದ್ದರೆ ನೀರು ಆವಿಯಾಗುತ್ತದೆ, ಹೊರಹೋಗಲು ದಾರಿ ಇಲ್ಲದೆ ಲೋಹದೊಳಗೇ ಗುಳ್ಳೆಯಾಗಿ ಕೂಡುತ್ತದೆ. ಮೇಲ್ನೋಟಕ್ಕೆ ಮಾಲು ಬಂಗಾರ. ಮಷೀನ್ ಶಾಪಿನಲ್ಲಿ ಎರಡು ಮಿಲಿಮೀಟರ್ ಕೆರೆದಾಗ ಒಳಗೆ ತೂತು. ಇದಕ್ಕೆ ಬ್ಲೋಹೋಲ್ ಅನ್ನುತ್ತಾರೆ. ಅಧಿವೇಶನದ ಭಾಷಣಗಳಲ್ಲಿ ನೀರಿನ ಪ್ರಮಾಣವನ್ನು ಯಾರೂ ಅಳೆದಿಲ್ಲ, ಆದರೆ ಮಾರ್ಚಿನ ಬಜೆಟ್ಟಿನಲ್ಲಿ ಎರಡು ಮಿಲಿಮೀಟರ್ ಕೆರೆದಾಗ ತೂತು ಮಾತ್ರ ತಪ್ಪದೆ ಸಿಗುತ್ತದೆ.

ಉಸುಕಿಗೆ ಇನ್ನೊಂದು ಗುಣ ಇದೆ. ಅದನ್ನು ಮತ್ತೆ ಮತ್ತೆ ಬಳಸಬಹುದು. ಆದರೆ ಪ್ರತಿ ಸಲ ಬಿಸಿ ತಾಗಿದಾಗ ಒಂದಿಷ್ಟು ಬೆಂಟೊನೈಟ್ ಸುಟ್ಟು ಸಾಯುತ್ತದೆ, ಅಂಟು ಹೋಗುತ್ತದೆ. ಅದಕ್ಕೆ ಪ್ರತಿ ಸುತ್ತಿಗೂ ಹೊಸ ಉಸುಕು, ಹೊಸ ಬೆಂಟೊನೈಟ್ ಸೇರಿಸುತ್ತಿರಬೇಕು. ಬೆಳಗಾವಿಯ ಮೊದಲ ಅಧಿವೇಶನ 2006ರಲ್ಲಿ, ಸೌಧ ಇನ್ನೂ ಇಲ್ಲದಾಗ, ಕೆಎಲ್‌ಇ ಸಂಸ್ಥೆಯ ಆವರಣದಲ್ಲಿ ನಡೆಯಿತು. ಅಂದು ಬಳಸಿದ ಉಸುಕನ್ನೇ ಇಂದಿಗೂ ಬಳಸುತ್ತಿದ್ದಾರೆ. "ಪ್ರಾದೇಶಿಕ ಅಸಮತೋಲನ", "ಮಲತಾಯಿ ಧೋರಣೆ", "ಸಮಗ್ರ ಅಭಿವೃದ್ಧಿ". ಅಂಟು ಯಾವಾಗಲೋ ಸತ್ತಿದೆ.

ಇಷ್ಟಾದರೂ ಮಾಲು ಬರಬಹುದಿತ್ತು, ಪೋರಿಂಗ್, ಅಂದರೆ ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವ ಕೆಲಸ, ಸರಿ ಇದ್ದಿದ್ದರೆ. ಫೌಂಡ್ರಿಯ ಪ್ರಾಣ ಇರುವುದು ಪೋರಿಂಗಿನಲ್ಲಿ. ಭಟ್ಟಿಯಿಂದ ಲ್ಯಾಡಲ್ಲಿಗೆ (ಲೋಹ ಹೊಯ್ಯುವ ದೊಡ್ಡ ಸೌಟು) ಇಳಿಸುವಾಗ ಚಿಟಿಕೆಯಷ್ಟು ಫೆರೋಸಿಲಿಕಾನ್, ಅಂದರೆ ಸಾವಿರ ಕಿಲೋ ಲೋಹಕ್ಕೆ ಎರಡು-ಮೂರು ಕಿಲೋ, ಹಾಕುತ್ತಾರೆ. ಅದರಿಂದ ಗ್ರಾಫೈಟ್ ಹದವಾಗಿ ಕೂಡಿ ಮಾಲು ಮಷೀನಿಂಗಿಗೆ ಮೆತ್ತಗಾಗುತ್ತದೆ. ಆದರೆ ಆ ಗುಣ ಹತ್ತು-ಹದಿನೈದು ನಿಮಿಷದಲ್ಲಿ ಇಳಿದುಹೋಗುತ್ತದೆ. ತಡ ಮಾಡಿ ಹೊಯ್ದರೆ ಅಂಚೆಲ್ಲ ಗಾಜಿನಷ್ಟು ಗಟ್ಟಿ, ಟೂಲು ಮುರಿಯುತ್ತದೆ. ಇನ್ನೂ ತಡ ಮಾಡಿದರೆ ಲೋಹ ತೆಳು ಭಾಗ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಎರಡು ಕಡೆಯಿಂದ ಬಂದ ಪ್ರವಾಹಗಳು ಎದುರುಬದುರು ನಿಂತು ಒಂದಾಗುವುದೇ ಇಲ್ಲ. ಅದಕ್ಕೆ ಕೋಲ್ಡ್ ಶಟ್ ಅಂತ ಹೆಸರು. ಆಡಳಿತ ಪಕ್ಷ, ವಿರೋಧ ಪಕ್ಷ ಅಂತಲೂ ಕರೆಯಬಹುದು.

ಹಲಗಾದಲ್ಲಿ ಮೊದಲ ದಿನಗಳೆಲ್ಲ ಬೆಂಗಳೂರಿನಿಂದ ಹೊತ್ತು ತಂದ ಜಗಳಗಳಿಗೆ. ಯಾರದೋ ಆಡಿಯೊ, ಯಾರದೋ ಟ್ವೀಟು, ಯಾರೋ ಅಂದ ಮಾತು, ಬಾವಿಗಿಳಿದು ಧರಣಿ, ಕಲಾಪ ಮುಂದೂಡಿಕೆ. ಉತ್ತರ ಕರ್ನಾಟಕದ ಚರ್ಚೆಗೆ ಲ್ಯಾಡಲ್ ಎತ್ತುವುದು ಕಡೆಯ ಎರಡು ದಿನ. ಅಷ್ಟೊತ್ತಿಗೆ ಅರ್ಧ ಸದಸ್ಯರು ಸಾಂಬ್ರಾದ ವಿಮಾನ ಹತ್ತಿರುತ್ತಾರೆ, ಉಳಿದ ಅರ್ಧಕ್ಕೆ ಗೋವಾ ಎಷ್ಟು ಹತ್ತಿರ ಅನ್ನುವ ಭೂಗೋಳದ ನೆನಪಾಗಿರುತ್ತದೆ. ಖಾಲಿ ಬೆಂಚುಗಳಿಗೆ ತಣ್ಣನೆ ಲೋಹ ಹೊಯ್ದು ಮಹದಾಯಿ, ಕೃಷ್ಣಾ ಮೇಲ್ದಂಡೆ, ಕಬ್ಬಿನ ಬಾಕಿ ಅಂತ ಅಚ್ಚು ತುಂಬಿದರೆ ತುಂಬೀತು ಹೇಗೆ? ಧಾರವಾಡ-ಕಿತ್ತೂರು-ಬೆಳಗಾವಿ ನೇರ ರೈಲು ಮಾರ್ಗವನ್ನೇ ನೋಡಿ, ಸುಮಾರು 73 ಕಿ.ಮೀ. ಕೆಲಸ ಕೇಂದ್ರದ್ದು, ಭೂಮಿ ಕೊಡಿಸುವುದು ರಾಜ್ಯದ್ದು. ಮಾತು ಪ್ರತಿ ಡಿಸೆಂಬರಿಗೂ ಬಿಸಿ, ಇಂದಿಗೂ ರೈಲು ಲೋಂಡಾ ಸುತ್ತಿಯೇ ಬರುತ್ತದೆ. ಎರಕದ ಕಬ್ಬಿಣ ಆರುವಾಗ ಮೀಟರಿಗೆ 10 ಮಿಲಿಮೀಟರ್ ಕುಗ್ಗುತ್ತದೆ ಅಂತ ಪ್ಯಾಟರ್ನ್ (ಅಚ್ಚು ಒತ್ತುವ ಮಾದರಿ) ಮಾಡುವ ಬಡಿಗ ಮೊದಲೇ ಅಷ್ಟು ದೊಡ್ಡದು ಮಾಡಿರುತ್ತಾನೆ. ಸಚಿವರ ಉತ್ತರಕ್ಕೆ ಎಷ್ಟು ಬಿಡಬೇಕು ಅನ್ನುವ ಅಳತೆಪಟ್ಟಿ ಯಾವ ಬಡಿಗನ ಹತ್ತಿರವೂ ಇಲ್ಲ.

ಸಂಜೆಗೆ ಪ್ರತಿ ಫೌಂಡ್ರಿಯಲ್ಲೂ ಒಂದು ಮಾತು ನಡೆಯುತ್ತದೆ.

"ಮಿಸ್ತ್ರಿ, ಇವತ್ತ ರಿಜೆಕ್ಷನ್ ಎಷ್ಟ ಬಂತಪಾ?"

"ಆರ ಪರ್ಸೆಂಟ್ ಐತ್ರಿ ಸಾವ್ಕಾರ್ರ. ಉಸುಕಿನ್ಯಾಗ ನೀರ ಜಾಸ್ತಿ ಆಗಿತ್ರಿ."

"ಆರ? ನಾಳಿಂದ ನಾನೇ ನಿಂದರ್ತೀನಿ ಬಿಡು ಮಿಕ್ಸರ್ ಬಾಜೂಕ."

ನೂರಕ್ಕೆ ಆರು ಕೆಟ್ಟರೆ ಸಾವ್ಕಾರನ ನಿದ್ದೆ ಹೋಗುತ್ತದೆ, ಕೆಟ್ಟ ಮಾಲನ್ನು ತೂಕ ಮಾಡಿ ಬರೆದು, ಒಡೆದು, ವಾಪಸು ಭಟ್ಟಿಗೆ ಹಾಕುತ್ತಾರೆ. ಹಲಗಾದಲ್ಲಿ ಕೆಟ್ಟದ್ದನ್ನು ತೂಗುವ ಕಾಟಾ ಕೂಡಿಸಿಲ್ಲ. ಹೋದ ವರ್ಷ ಇಲ್ಲಿ ನಿಂತು ಕೊಟ್ಟ ಭರವಸೆಗಳಲ್ಲಿ ಎಷ್ಟು ತುಂಬಿ ಬಂದವು, ಎಷ್ಟು ಗುಳ್ಳೆಬಿದ್ದವು ಅಂತ ಮೊದಲ ದಿನ ಅರ್ಧ ಗಂಟೆ ಓದಿ ಹೇಳಿದರೆ ಸಾಕಿತ್ತು. ಅಷ್ಟು ಮಾಡಿದರೆ ಉಳಿದ ಒಂಬತ್ತು ದಿನ ಸದನಕ್ಕೆ ಮುಖ ತೋರಿಸುವುದು ಕಷ್ಟ ಅನ್ನುವುದೂ ನಿಜ.

ಈ ಕಾರ್ಖಾನೆಯಲ್ಲಿ ನಿಜವಾಗಿ ಮೂರು ಶಿಫ್ಟ್ ನಡೆಯುವ ವಿಭಾಗ ಒಂದಿದೆ. ಅದು ಕಟ್ಟಡದ ಹೊರಗೆ, ಬಸ್ತವಾಡ ಮತ್ತು ಕೊಂಡಸಕೊಪ್ಪದ ಕಡೆ, ಪ್ರತಿಭಟನೆಯ ಶಾಮಿಯಾನಗಳಲ್ಲಿ. ಕಬ್ಬು ಬೆಳೆದವರು, ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ನೇಕಾರರು ಥಂಡಿಯಲ್ಲಿ ಸರದಿ ಹಿಡಿದು ಕೂಡುತ್ತಾರೆ. ಸಚಿವರು ಬಂದು ಮನವಿ ತೆಗೆದುಕೊಂಡು ಪಿ.ಎ. ಕೈಗೆ ಕೊಡುತ್ತಾರೆ, ಪಿ.ಎ. ಕಾರಿನ ಹಿಂದಿನ ಸೀಟಿಗೆ. ಅದೇ ಹೊತ್ತಿಗೆ ಹೆದ್ದಾರಿಯಲ್ಲಿ ಸ್ಕ್ರ್ಯಾಪ್ ತರುವ ಲಾರಿ ಸುತ್ತುಬಳಸಿ ಬಂದು, ಮಚ್ಛೆಯ ಭಟ್ಟಿಯೊಂದು ಒಳಗೆ ಹಾಕುವ ಸ್ಕ್ರ್ಯಾಪಿಗೆ ಕಾಯುತ್ತ ಕರೆಂಟು ತಿನ್ನುತ್ತಿರುತ್ತದೆ.

ಕೈಗಾರಿಕೆಯನ್ನು ನಡೆಸಿಕೊಳ್ಳುವ ಈ ರೀತಿ ಊರಿಗೆ ಹೊಸದೇನಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಮುಂದೆ ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ಸೋಕಿದರೆ ಹೊಲ ವಿಷವಾಗುತ್ತದೆ ಅಂತ ರೈತರು ಎರಡು ವರ್ಷ ಮುಟ್ಟಲಿಲ್ಲ. ಅದನ್ನೂ ಗೆದ್ದರು. ಪುರಸಭೆಯನ್ನು ಗೆಲ್ಲಲಾಗಲಿಲ್ಲ. ಊರು ಬೆಳೆಯಬೇಕು, ಜಾಗ ಖಾಲಿ ಮಾಡಿ ಅಂದರು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕುಂಡಲ್ ಹತ್ತಿರ 32 ಎಕರೆ ಬಂಜರು ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು, ಅದು ಕಿರ್ಲೋಸ್ಕರವಾಡಿಯಾಯಿತು. ಬೆಳಗಾವಿಯ ಪಾಲಿಗೆ ಕಿರ್ಲೋಸ್ಕರ್ ರೋಡು ಉಳಿಯಿತು. ಪಾರ್ಕಿಂಗ್ ಸಿಗುವುದಿಲ್ಲ.

ಹಾಗಂತ ಅಧಿವೇಶನ ಅಂದರೇ ನಷ್ಟ ಅನ್ನುವ ಹಾಗಿಲ್ಲ. 1924ರ ಡಿಸೆಂಬರ್ 26 ಮತ್ತು 27ರಂದು ಇದೇ ಊರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಿತ್ತು. ಎರಡೇ ದಿನ. ನೀರಿಗೆಂದು ತೋಡಿಸಿದ ಬಾವಿ ಟಿಳಕವಾಡಿಯಲ್ಲಿ ಈಗಲೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಜನ ಗುರುತಿಸುತ್ತಾರೆ. ಹಲಗಾದ ಸದನದಲ್ಲೂ ಬಾವಿ ಇದೆ. ವರ್ಷಾವರ್ಷ ಇಳಿಯುತ್ತಾರೆ, ನೀರು ಬಿದ್ದಿಲ್ಲ.

ಆದರೂ ಈ ಕಾರ್ಖಾನೆಯಿಂದ ಏನೂ ಉತ್ಪಾದನೆಯಾಗಿಲ್ಲ ಅಂದರೆ ಸುಳ್ಳಾಗುತ್ತದೆ. 2022ರ ಬೇಸಿಗೆಯಲ್ಲಿ ಸೌಧದ ಮುಂದೆ ಯಾರೋ ಶಾವಿಗೆ, ಹಪ್ಪಳ ಒಣಹಾಕಿದ್ದರು. ಫೋಟೊ ಊರೆಲ್ಲ ಹರಿದಾಡಿತು. ಪ್ರಜಾಪ್ರಭುತ್ವದ ದೇಗುಲಕ್ಕೆ ಅಪಮಾನ ಅಂತ ಗುಲ್ಲಾಗಿ, ಅಲ್ಲಿ ಕೂಲಿ ಮಾಡುತ್ತಿದ್ದ ಹೆಣ್ಣುಮಗಳನ್ನು ಕೆಲಸದಿಂದ ತೆಗೆದರು; ಜನ ಬೈದ ಮೇಲೆ ವಾಪಸು ತೆಗೆದುಕೊಂಡರು. ಹತ್ತು ವರ್ಷದಲ್ಲಿ ಆ ಕಟ್ಟಡದ ವಿಷಯದಲ್ಲಿ ತೀರ್ಮಾನವಾಗಿ ಜಾರಿಯೂ ಆಗಿ ಹಿಂದಕ್ಕೂ ಬಂದ ಅತಿ ವೇಗದ ಆದೇಶ ಅದೇ ಇರಬೇಕು.

ತಾಂತ್ರಿಕವಾಗಿ ನೋಡಿದರೆ ಆ ಹೆಣ್ಣುಮಗಳ ಜಾಗದ ಆಯ್ಕೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಶಾವಿಗೆಗೆ ಬೇಕಾದದ್ದು ಧೂಳಿಲ್ಲದ ಗಟ್ಟಿ ನೆಲ, ಮರದ ನೆರಳಿಲ್ಲದ ಬಯಲು, ಎಡೆಬಿಡದೆ ಗಾಳಿ, ದನ-ಕಾಗೆ ಓಡಿಸಲು ಒಬ್ಬ ಮನುಷ್ಯ. ಹಿಟ್ಟು ನಾದಿ, ಎಣ್ಣೆ ಹಚ್ಚಿ, ಮಷೀನಿನಿಂದ ಎಳೆ ಇಳಿಸಿ ಕೋಲಿಗೆ ಹಾಕಿದ ಮೇಲೆ ಬೇಗ ಒಣಗಬೇಕು. ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ, ಬಿಸಿಲು ಒಂದೇ ಕಡೆ ಬಿದ್ದರೆ ಎಳೆ ಸೊಟ್ಟಗಾಗಿ ಮುರಿಯುತ್ತದೆ. ಅಷ್ಟು ವಿಸ್ತಾರದ ಕಲ್ಲುಹಾಸು, ಅಷ್ಟು ಖಾಲಿ ಬಯಲು, ಸಂಬಳದ ಮೇಲೆ ಕಾಗೆ ಕಾಯಲು ಅಷ್ಟೊಂದು ಪೊಲೀಸರು ಜಿಲ್ಲೆಯಲ್ಲಿ ಬೇರೆಲ್ಲೂ ಇಲ್ಲ. ಸ್ವಸಹಾಯ ಸಂಘಗಳಿಗೆ ಅಂಗಳವನ್ನು ಚೌಕಗಳಾಗಿ ಗುರುತು ಹಾಕಿ, ಹಲಗಾಕ್ಕೆ ಒಂದಿಷ್ಟು, ಬಸ್ತವಾಡಕ್ಕೆ ಒಂದಿಷ್ಟು, ಕೊಂಡಸಕೊಪ್ಪಕ್ಕೆ ಒಂದಿಷ್ಟು ಹಂಚಿಕೊಡಲು ಒಂದು ಸುತ್ತೋಲೆ ಸಾಕು. ಕಾನೂನಿನ ತೊಡಕೂ ಬರುವುದಿಲ್ಲ, ಯಾಕೆಂದರೆ ಶಾವಿಗೆಯ ಸೀಸನ್ ಮಾರ್ಚಿನಿಂದ ಮೇ ತನಕ, ಅಧಿವೇಶನ ಡಿಸೆಂಬರಿನಲ್ಲಿ. ಶಾಸಕರು ಬರುವುದರೊಳಗೆ ಮೆಟ್ಟಿಲು ತೊಳೆದು ಕೊಡಬೇಕು ಅನ್ನುವ ಷರತ್ತು ಬೇಕಾದರೆ ಹಾಕಿಕೊಳ್ಳಲಿ.