ಮುಚ್ಚಳ ಮುಚ್ಚಿದ್ರೆ ಬೀಗ ಬೀಳಲ್ಲ ಸ್ವಾಮಿ

"ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಲ್ಯಾಪ್‌ಟಾಪ್ ಕಳುವಾದ್ರೂ ಡೇಟಾ ಸೇಫ್" ಅನ್ನೋ ಉಪದೇಶ ಇವತ್ತು ಮತ್ತೆ ಟೈಮ್‌ಲೈನ್‌ನಲ್ಲಿ ಓಡಾಡ್ತಿದೆ. ಬರೆದವರು ಸೆಕ್ಯುರಿಟಿಯವರೇ ಅಂತೆ. ದೊಡ್ಡ ನಮಸ್ಕಾರ.

ಡಿಸ್ಕೇನೋ ಎನ್‌ಕ್ರಿಪ್ಟ್ ಆಗಿದೆ, ಅಂದ್ರೆ ಗುಟ್ಟಿನ ಲಿಪಿಗೆ ಬದಲಾಗಿದೆ. ಅದನ್ನ ಬಿಡಿಸೋ ಕೀ ಎಲ್ಲಿದೆ? ಲ್ಯಾಪ್‌ಟಾಪ್ ಆನ್ ಇರೋವರೆಗೂ ತಾತ್ಕಾಲಿಕ ಮೆಮೊರಿಯಲ್ಲಿ, ಅಂದ್ರೆ ರ‍್ಯಾಮ್‌ನಲ್ಲಿ. ಸ್ಲೀಪ್‌ನಲ್ಲೂ ಅಲ್ಲೇ, ಯಾಕಂದ್ರೆ ಸ್ಲೀಪ್‌ನಲ್ಲೂ ರ‍್ಯಾಮ್‌ಗೆ ಕರೆಂಟ್ ಹರೀತಾನೇ ಇರುತ್ತೆ. ಮುಚ್ಚಳ ಮುಚ್ಚಿ ಬ್ಯಾಗಿಗೆ ತುರುಕಿದವರು ಕೀಲಿಕೈಯನ್ನ ಬೀಗಕ್ಕೇ ನೇತುಹಾಕ್ಕೊಂಡು ಹೊರಟಿದಾರೆ.

ಪವರ್ ತೆಗೆದ ಕೂಡಲೇ ರ‍್ಯಾಮ್ ಖಾಲಿ ಆಗುತ್ತೆ ಅನ್ನೋದೂ ಅರ್ಧ ಸತ್ಯ. 2008ರಲ್ಲೇ ಪ್ರಿನ್ಸ್‌ಟನ್‌ನ ಹಾಲ್ಡರ್‌ಮನ್, ಫೆಲ್ಟನ್ ಮತ್ತು ಸಂಗಡಿಗರು ಇದನ್ನ ಅಳೆದು ತೋರಿಸಿದ್ರು. ಧೂಳು ಊದೋ ಸ್ಪ್ರೇ ಡಬ್ಬಿಯನ್ನ ತಲೆಕೆಳಗೆ ಹಿಡಿದು ಹೊಡೆದ್ರೆ ಚಿಪ್ ಮೈನಸ್ 50 ಡಿಗ್ರಿಗೆ ಇಳಿಯುತ್ತೆ. ಆಮೇಲೆ ಕರೆಂಟ್ ಇಲ್ಲದೆ 10 ನಿಮಿಷ ಕಳೆದ್ರೂ ಕೆಟ್ಟ ಬಿಟ್‌ಗಳು ಶೇ. 1ಕ್ಕಿಂತ ಕಡಿಮೆ. ಕೆಟ್ಟಿದ್ದನ್ನ ಸರಿಪಡಿಸೋದೂ ಕಷ್ಟ ಅಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಮಾಡೋ ಎಇಎಸ್ ಅನ್ನೋ ವಿಧಾನದ ಕೀ ಒಂದೇ ಕೂತಿರಲ್ಲ, ಅದರಿಂದ ಹುಟ್ಟೋ ರೌಂಡ್ ಕೀಗಳೂ ಪಕ್ಕದಲ್ಲೇ ಇರ್ತವೆ. 256 ಬಿಟ್ ಕೀಗೆ ಒಟ್ಟು 240 ಬೈಟ್. ಒಂದನ್ನ ಇನ್ನೊಂದಕ್ಕೆ ತಾಳೆ ನೋಡಿದ್ರೆ ಕೀ ಎಲ್ಲಿದೆ ಅನ್ನೋದೂ ಸಿಗುತ್ತೆ, ಯಾವ ಬಿಟ್ ತಪ್ಪಿದೆ ಅನ್ನೋದೂ.

"ಅದೆಲ್ಲ ಹಳೇ ಕಥೆ, ಈಗ ರ‍್ಯಾಮ್ ಬೋರ್ಡಿಗೇ ಬೆಸುಗೆ, ರೀಬೂಟ್ ಆದ್ರೆ ಎಲ್ಲಕ್ಕಿಂತ ಮೊದಲು ಓಡೋ ಫರ್ಮ್‌ವೇರೇ ಒರೆಸಿಬಿಡುತ್ತೆ." ಒರೆಸುತ್ತೆ, ಪಾಪ. ಒರೆಸು ಅಂತ ಹೇಳೋ ಗುರುತು ಇರೋದು ಫರ್ಮ್‌ವೇರ್‌ನ ಫ್ಲ್ಯಾಶ್ ಚಿಪ್‌ನಲ್ಲಿ. 2018ರಲ್ಲಿ ಸೆಕ್ಯುರಿಟಿ ಕಂಪನಿ ಎಫ್-ಸೆಕ್ಯೂರ್‌ನ ಇಬ್ಬರು ಆ ಗುರುತನ್ನೇ ತಿದ್ದಿ, ರ‍್ಯಾಮ್ ತಣ್ಣಗೆ ಮಾಡಿ, ಯುಎಸ್‌ಬಿಯಿಂದ ಬೂಟ್ ಮಾಡಿದ್ರು. ರ‍್ಯಾಮ್ ಕಿತ್ತು ಬೇರೆ ಯಂತ್ರಕ್ಕೆ ಹಾಕಿ ಓದೋ ಪ್ರಮೇಯವೇ ಬರಲಿಲ್ಲ.

ನನಗೆ ನಿಜವಾಗಿ ಮೈ ಉರಿಯೋದು ಮುಂದಿನದಕ್ಕೆ. ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಆದ ಬಿಟ್‌ಲಾಕರ್ ತಾನಾಗೇ ಆನ್ ಆದಾಗ, ಕೀ ಕಾಯೋ ಚಿಪ್ ಆದ ಟಿಪಿಎಂ ಒಂದನ್ನೇ ನಂಬುತ್ತೆ. ಅಂದ್ರೆ ನೀವು ಪೂರ್ತಿ ಶಟ್‌ಡೌನ್ ಮಾಡಿದ್ರೂ, ಕಳ್ಳ ಪವರ್ ಬಟನ್ ಒತ್ತಿದ್ರೆ ಲಾಗಿನ್ ಪರದೆ ಬರೋ ಮೊದಲೇ ಕೀ ರ‍್ಯಾಮ್‌ಗೆ ಬಂದು ಕೂರುತ್ತೆ. ಯಾರನ್ನೂ ಕೇಳಲ್ಲ! ಟಿಪಿಎಂ ಬೇರೆ ಚಿಪ್ ಆಗಿದ್ರೆ ಅದರಿಂದ ಪ್ರೊಸೆಸರ್‌ಗೆ ಹೋಗೋ ತಂತಿಯಲ್ಲೇ ಕೀ ಸಿಗುತ್ತೆ: 2024ರಲ್ಲಿ ಒಬ್ಬರು ಒಂದು ಹಳೇ ಥಿಂಕ್‌ಪ್ಯಾಡ್‌ನಿಂದ ರಾಸ್ಪ್‌ಬೆರಿ ಪೈ ಪಿಕೊ ಅನ್ನೋ ಪುಟ್ಟ ಬೋರ್ಡ್ ಹಿಡಿದು 43 ಸೆಕೆಂಡಿನೊಳಗೆ ಅದನ್ನ ಎತ್ತಿದ್ರು. ಪ್ರೊಸೆಸರ್ ಒಳಗೇ ಇರೋ ಟಿಪಿಎಂ ಆದ್ರೆ ಆ ತಂತಿ ಇಲ್ಲ, ಒಪ್ಪಿದೆ. ಆದ್ರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಜರ್ಮನಿಯ 38ಸಿ3 ಹ್ಯಾಕರ್ ಸಮ್ಮೇಳನದಲ್ಲಿ ತೋರಿಸಿದ ಬಿಟ್‌ಪಿಕ್ಸಿ ಅನ್ನೋ ದಾಳಿಗೆ ಸ್ಕ್ರೂಡ್ರೈವರ್ ಕೂಡ ಬೇಡ. ನೆಟ್‌ವರ್ಕ್ ಕೇಬಲ್ ಚುಚ್ಚಿ ಮೈಕ್ರೋಸಾಫ್ಟೇ ಸಹಿ ಹಾಕಿದ, ವಿಂಡೋಸ್ ಶುರುಮಾಡೋ ಹಳೇ ಬೂಟ್‌ಲೋಡರ್ ಕೊಟ್ಟು ರೀಬೂಟ್ ಮಾಡಿಸಿದ್ರೆ ಕೀ ರ‍್ಯಾಮ್‌ನಲ್ಲೇ ಉಳಿಯುತ್ತೆ.

ವಿಂಡೋಸ್ ಶುರುವಾಗೋ ಮೊದಲೇ ಕೇಳೋ ಪಿನ್ ಹಾಕಿ. ದಿನಾ ಒತ್ತೋಕೆ ನನಗೂ ಬೇಜಾರೇ. ವಿಂಡೋಸ್‌ನ ಪಾಲಿಸಿ ಎಡಿಟರ್ ಜಿಪಿಎಡಿಟ್‌ನಲ್ಲಿ ಬಿಟ್‌ಲಾಕರ್, ಆಪರೇಟಿಂಗ್ ಸಿಸ್ಟಮ್ ಡ್ರೈವ್ಸ್, "ರಿಕ್ವೈರ್ ಅಡಿಷನಲ್ ಆಥೆಂಟಿಕೇಷನ್ ಅಟ್ ಸ್ಟಾರ್ಟಪ್" ಆನ್ ಮಾಡಿ, ಟಿಪಿಎಂ ಜೊತೆ ಪಿನ್ ಸೇರಿಸಿ. ಕನಿಷ್ಠ 6 ಅಂಕಿ. ಬಿಟ್‌ಲಾಕರ್ ತೆರೆಯೋ ವಿಧಾನಗಳ ಪಟ್ಟಿಯಲ್ಲಿ ಟಿಪಿಎಂ ಮಾತ್ರ ಅನ್ನೋ ಸಾಲು ಉಳಿದಿದ್ರೆ ಮಾಡಿದ್ದೆಲ್ಲ ದಂಡ. ಪಿನ್ ಹಾಕಿ ಸ್ಲೀಪ್‌ನಲ್ಲೇ ಬಿಟ್ರೂ ದಂಡ, ಆದ್ರಿಂದ ಮುಚ್ಚಳ ಮುಚ್ಚಿದ್ರೆ ರ‍್ಯಾಮ್‌ನಲ್ಲಿದ್ದದ್ದನ್ನ ಡಿಸ್ಕಿಗೆ ಬರೆದು ಪವರ್ ಆಫ್ ಮಾಡೋ ಹೈಬರ್ನೇಟ್ ಇಡಿ. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಈ ಪಾಲಿಸಿ ಎಡಿಟರೇ ಇಲ್ಲ. ಲಿನಕ್ಸ್‌ನವರು ಬೀಗಬೇಡಿ: ಪಾಸ್‌ಫ್ರೇಸ್ ಎಷ್ಟು ಉದ್ದ ಇದ್ರೂ ಮಾಮೂಲಿ ಸಸ್ಪೆಂಡ್‌ನಲ್ಲಿ ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಕೀ ರ‍್ಯಾಮ್‌ನಲ್ಲೇ ಇರುತ್ತೆ.