ಫಲ ಕಾಣುವ ಕೆಲಸಕ್ಕಷ್ಟೇ ಸಮಯ ಕೊಡಬೇಕೇ?

ಪರ

ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರಲ್ಲಿ ಒಮ್ಮೆ ವಿದೇಶಿ ದಂಪತಿಯೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಓದುಬರಹ ಕಲಿಯದ ಅವರಿಗೆ ಉತ್ತರಿಸಲಾಗಲಿಲ್ಲ. ಆ ನೋವನ್ನು ಅವರು ಹೇಳಿಕೊಂಡು ಕಳೆಯದೆ, ಹಣ್ಣು ಮಾರಿ ಉಳಿಸಿದ ಹಣವನ್ನು ಕೂಡಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು, ತಮ್ಮೂರಿನ ನ್ಯೂಪಡ್ಪುವಿನಲ್ಲಿ ಶಾಲೆಯೊಂದು ತಲೆಯೆತ್ತುವಂತೆ ಮಾಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ನಾನು ಫಲವೆನ್ನುವುದು ಪ್ರಶಸ್ತಿಯನ್ನಲ್ಲ, ಆ ಕೊಠಡಿಗಳಲ್ಲಿ ಕುಳಿತು ಅಕ್ಷರ ಕಲಿಯುವ ಮಕ್ಕಳನ್ನು.

ನಮ್ಮ ಶ್ರಮದ ಹೆಚ್ಚಿನ ಪಾಲು ಹೀಗಿರುವುದಿಲ್ಲ. ಊರ ಕೆರೆಯ ಹೂಳೆತ್ತಬೇಕೆಂದು ಸಭೆ ಸೇರುತ್ತೇವೆ, ಸಮಿತಿ ಮಾಡುತ್ತೇವೆ, ವಾಟ್ಸ್‌ಆ್ಯಪ್ ಗುಂಪು ತೆರೆಯುತ್ತೇವೆ, ಅತಿಥಿಗಳಿಗೆ ಶಾಲು ಹೊದೆಸುತ್ತೇವೆ. ಮಳೆ ಹಿಡಿಯುವ ಹೊತ್ತಿಗೆ ಹೂಳು ಇದ್ದಲ್ಲಿಯೇ ಇರುತ್ತದೆ. ದಣಿವಂತೂ ನಿಜವಾದುದು, ಮತ್ತು ದಣಿದವರಿಗೆ ಏನನ್ನೋ ಮಾಡಿದೆವೆಂಬ ಸಮಾಧಾನ ಸಿಗುವುದರಿಂದಲೇ ಮರುವರ್ಷವೂ ಅದೇ ನಡೆಯುತ್ತದೆ. ಇದು ನನ್ನನ್ನು ಬಹಳವಾಗಿ ಕಾಡುವ ವಿಷಯ.

ಫಲ ದೊಡ್ಡದೇ ಆಗಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆಬಾಗಿಲಿಗೇ ಬಂದು, ದಿನಕ್ಕೆ ಎರಡಾಣೆಯಂತಹ ಪುಟ್ಟ ಮೊತ್ತವನ್ನೂ ಪಡೆದು ಲೆಕ್ಕ ಬರೆದುಕೊಳ್ಳುತ್ತಿದ್ದರು. ನಮ್ಮ ದುಡಿಮೆಗೂ ಅಂತಹ ಒಂದು ಪುಸ್ತಕ ಬೇಕು. ತಿಂಗಳ ಕೊನೆಗೆ ಅದರಲ್ಲಿ ಬರೆಯಲು ಏನೂ ಇಲ್ಲದ ಕೆಲಸವನ್ನು ಸಂಕೋಚವಿಲ್ಲದೆ ಬಿಡಬೇಕು.

ವಿರೋಧ

ಪಿಗ್ಮಿ ಪುಸ್ತಕದಲ್ಲಿ ದಿನವೂ ಬರೆಯಲು ಏನಾದರೊಂದು ಇರುತ್ತದೆ. ನೀರಿಗಾಗಿ ಗುಡ್ಡದಲ್ಲಿ ಸುರಂಗ ತೋಡುವವರಿಗೆ ಆ ಭಾಗ್ಯವಿಲ್ಲ.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿ, ಕೇಪು ಗ್ರಾಮದಲ್ಲಿ ಅಮೈ ಮಹಾಲಿಂಗ ನಾಯ್ಕರಿಗೆ ಸಿಕ್ಕಿದ್ದು ನೀರಿಲ್ಲದ ಬೋಳುಗುಡ್ಡ. ಹಗಲು ಪರರ ತೋಟದಲ್ಲಿ ಕೂಲಿ ಮಾಡಿ, ಅದು ಮುಗಿದ ಮೇಲೆ ಅವರು ಒಬ್ಬರೇ ದೀಪದ ಬೆಳಕಿನಲ್ಲಿ ಗುಡ್ಡವನ್ನು ಕೊರೆದರು. ಅಡ್ಡಲಾಗಿ ಕೊರೆದ ಸುರಂಗದೊಳಗೆ ಒಸರುವ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ಆದರೆ ಒಸರು ಇದೆಯೋ ಇಲ್ಲವೋ ಎಂಬುದು ಕೊರೆದ ಮೇಲಷ್ಟೇ ತಿಳಿಯುತ್ತದೆ. ಒಂದಾದ ಮೇಲೊಂದು ಸುರಂಗ ಬರಿದಾಯಿತು, ಕಂಡವರು ನಕ್ಕರು. ಕೊನೆಗೆ ನೀರು ಬಂತು, ಗುಡ್ಡದಲ್ಲಿ ಅಡಿಕೆ, ತೆಂಗು ಎದ್ದು ನಿಂತವು, 2022ರಲ್ಲಿ ಪದ್ಮಶ್ರೀಯೂ ಬಂತು.

ಈಗ ಅವರನ್ನು ಫಲ ಕಂಡವರ ಸಾಲಿಗೆ ಸೇರಿಸುವುದು ಸುಲಭ. ಆದರೆ ಎರಡನೆಯ ಸುರಂಗ ಬರಿದಾದ ದಿನ, ಪರಪಕ್ಷದವರು ಹೇಳುವ ಆ ಪುಸ್ತಕವನ್ನು ಬಿಚ್ಚಿದ್ದರೆ ಅದು ಹಾರೆ ಕೆಳಗಿಡು ಎಂದೇ ಹೇಳುತ್ತಿತ್ತು. ನೀರು ಸಿಗದೆಯೇ ಉಳಿದವರೂ ಇರುತ್ತಾರೆ, ಅವರ ನಷ್ಟ ನಿಜವಾದುದು, ಅದನ್ನು ನಾನು ಹಗುರ ಮಾಡಿ ಹೇಳಲಾರೆ. ಆದರೂ ಫಲವನ್ನು ಮೊದಲೇ ಕಂಡು ಹೊರಡುವವರಿಂದ ಆ ಗುಡ್ಡ ಎಂದಿಗೂ ಹಸಿರಾಗುತ್ತಿರಲಿಲ್ಲ.

ಇನ್ನು, ಫಲ ಯಾರ ಕೈ ಸೇರುತ್ತದೆ ಎಂಬುದೂ ಇದೆ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲು, ಕಥೆ ಆರಂಭವಾಗುವ ಮುನ್ನ ನಡೆಯುವ ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ, ಜನ ಇನ್ನೂ ಸರಿಯಾಗಿ ಬಂದು ಕೂರದ ಹೊತ್ತಿನಲ್ಲಿ ಕುಣಿಯುತ್ತಿದ್ದ; ಮಿಕ್ಕ ರಾತ್ರಿ ವೇಷ ಕಟ್ಟುವ ಚೌಕಿಯಲ್ಲಿ ಹಿರಿಯರು ಬಣ್ಣ ಹಚ್ಚುವುದನ್ನು ನೋಡುತ್ತ, ಮೇಳದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೂ ತಿಂಗಳುಗಟ್ಟಲೆ ಹೀಗೆಯೇ ಕಳೆಯುತ್ತಿದ್ದ. ಹಾಗೆ ಕಲಿತವರೆಲ್ಲ ಪ್ರಸಿದ್ಧ ವೇಷಧಾರಿಗಳಾಗಲಿಲ್ಲ. ಹಲವರು ಅಂಗಡಿಗೋ ಹೊಲಕ್ಕೋ ಮರಳಿದರು. ಲೆಕ್ಕದ ಪ್ರಕಾರ ಅವರ ಆ ವರ್ಷಗಳು ವ್ಯರ್ಥ. ಆದರೆ ಊರಿನಲ್ಲಿ ಆಟವಿದ್ದ ರಾತ್ರಿ ಮುಂದಿನ ಸಾಲಿನಲ್ಲಿ ನಿದ್ದೆಗೆಟ್ಟು ಕೂತು, ತಾಳ ಎಲ್ಲಿ ಜಾರಿತೆಂದು ಗುರುತಿಸುವವರು, ಪದ ಚೆನ್ನಾಗಿ ಏರಿದಾಗ ತಲೆದೂಗುವವರು ಅವರೇ. ಅಂಥವರು ಎದುರಿಗೆ ಕೂತಿದ್ದಾರೆಂದು ತಿಳಿದ ಭಾಗವತರು ಆ ರಾತ್ರಿ ಪದವನ್ನು ಇನ್ನಷ್ಟು ಎಚ್ಚರದಿಂದ ಹಾಡುತ್ತಾರೆ.