ಕ್ಷಮೆ ಸಿಕ್ಕ ಮೇಲೆ ಯಾವ ಹಾಡು?

ಭಾನುವಾರದ ಆರಾಧನೆಯಲ್ಲಿ ಪಾಪದ ಅರಿಕೆ ಮುಗಿಯುತ್ತದೆ. ಅಯ್ಯನವರು, ಅಂದರೆ ಸಭಾಪಾಲಕರು, ಕ್ಷಮೆಯ ಮಾತನ್ನು ಸಾರುತ್ತಾರೆ. ಸಭೆ ‘ಆಮೆನ್’ ಅನ್ನುತ್ತದೆ. ಕೂಡಲೇ ಕೀಬೋರ್ಡ್ ಶುರುವಾಗಿ ಕ್ವಾಯರ್ ಒಂದು ಹಾಡು ಎತ್ತುತ್ತದೆ. ಎಷ್ಟೋ ಸಭೆಗಳಲ್ಲಿ ಆ ಹಾಡಿನ ಪಲ್ಲವಿಯೇ ‘ನನ್ನನ್ನು ಕ್ಷಮಿಸು’ ಎಂಬ ಅರ್ಥದ್ದು. ಕ್ಷಮೆ ಸಿಕ್ಕಿತು ಎಂದು ದೇವರ ಹೆಸರಿನಲ್ಲಿ ಈಗಷ್ಟೇ ಕೇಳಿಸಿಕೊಂಡವರು ಮತ್ತೆ ಅದನ್ನೇ ಬೇಡುತ್ತಾ ನಿಲ್ಲುತ್ತಾರೆ. ಸಾಲ ತೀರಿತು ಎಂದು ರಸೀದಿ ಕೈಗೆ ಕೊಟ್ಟ ಮೇಲೂ ಮನ್ನಾ ಮಾಡಿ ಎಂದು ಅರ್ಜಿ ಬರೆದ ಹಾಗೆ ಇದು. ರಾಗ ಚೆನ್ನಾಗಿದೆ, ಎಲ್ಲರಿಗೂ ಬಾಯಿಪಾಠ ಇದೆ ಎಂಬ ಕಾರಣಕ್ಕೆ ಆ ಜಾಗದಲ್ಲಿ ಆ ಹಾಡು ಬಂದು ಕೂತಿರುತ್ತದೆ. ಹಾಡು ಆರಿಸುವವರು ಇದನ್ನು ಸಣ್ಣ ವಿಷಯ ಅಂದುಕೊಳ್ಳಬಾರದು. ಸಭೆಗೆ ಕರುಣೆಯ ಬಗ್ಗೆ ಏನು ಮನಸ್ಸಿಗೆ ಇಳಿಯುತ್ತದೆ ಎಂಬುದು ಅಯ್ಯನವರ ಪ್ರಸಂಗಕ್ಕಿಂತ (ಬೋಧನೆಗಿಂತ) ಹೆಚ್ಚಾಗಿ ಈ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಕೀರ್ತನೆ 51ನ್ನು ತೆಗೆದು ನೋಡಿ. ಶುರುವಾಗುವುದೇ ಕರುಣಿಸು, ತೊಳೆ, ಶುದ್ಧಮಾಡು ಎಂಬ ಬೇಡಿಕೆಗಳಿಂದ. ‘ನನ್ನ ತುಟಿಗಳನ್ನು ತೆರೆ, ಆಗ ನನ್ನ ಬಾಯಿ ನಿನ್ನನ್ನು ಸ್ತುತಿಸುತ್ತದೆ’ ಎಂಬ ಭಾವದ ಮಾತು ಬರುವುದು 15ನೇ ವಚನದಲ್ಲಿ. ಅದಕ್ಕೂ ಮೊದಲಿನ 14 ವಚನಗಳ ತುಂಬ ತಪ್ಪೊಪ್ಪಿಗೆ, ಬಿನ್ನಹ, ಹೊಸ ಹೃದಯದ ಕೋರಿಕೆ. ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದಲ್ಲೂ ಇದೇ ಆಯಿತು. 1549ರ ಆವೃತ್ತಿಯ ಬೆಳಗಿನ ಪ್ರಾರ್ಥನೆ ಕರ್ತನ ಪ್ರಾರ್ಥನೆಯಿಂದ ಶುರುವಾಗಿ ನೇರವಾಗಿ ‘ತುಟಿ ತೆರೆ’ ಎಂಬ ಮಾತಿಗೆ ಹೋಗುತ್ತಿತ್ತು. 1552ರಲ್ಲಿ ಅದರ ಮುಂದೆ ಪಾಪದ ಅರಿಕೆಯನ್ನೂ ಕ್ಷಮೆಯ ಘೋಷಣೆಯನ್ನೂ ಸೇರಿಸಿದರು. ಹೊಸ ಸಾಲನ್ನೇನೂ ಬರೆಯದೆ, ಹಳೆಯ ಸಾಲೇ ಕ್ಷಮೆ ಪಡೆದವರ ಬಾಯಿಯ ಮಾತಾಯಿತು. ಒಂದು ಮಾತಿನ ಹಿಂದೆ ಏನಿದೆ ಎಂಬುದರಿಂದ ಅದರ ಅರ್ಥ ಇಷ್ಟು ಬದಲಾಗುತ್ತದೆ.

ಹಾಗೆಂದು ಅರಿಕೆಗೆ ಮೊದಲು ಸ್ತುತಿಯೇ ಬೇಡ ಎಂದಲ್ಲ. ಯೆಶಾಯ 6ರಲ್ಲಿ ಮೊದಲು ‘ಪರಿಶುದ್ಧ, ಪರಿಶುದ್ಧ, ಪರಿಶುದ್ಧ’ ಎಂಬ ದೇವದೂತರ ಹಾಡು, ಆಮೇಲೆ ಪ್ರವಾದಿಯ ‘ಅಯ್ಯೋ’, ಆಮೇಲೆ ತುಟಿಗೆ ತಾಗಿ ಪಾಪ ಕಳೆಯುವ ಕೆಂಡ. ಮೊದಲನೆಯದು ದೇವರು ಎಂಥವನು ಎಂಬ ಸ್ತುತಿ. ನನಗೆ ಏನು ಮಾಡಿದ ಎಂಬ ಸ್ತುತಿ ಬೇರೆ, ಅದರ ಜಾಗ ಕೆಂಡ ತಾಗಿದ ಮೇಲೆ. ಇವತ್ತು ಹಲವು ಕಡೆ ಅರ್ಧ ಗಂಟೆ ಕೋರಸ್, ನಂತರ ಪ್ರಕಟಣೆ, ನಂತರ ಪ್ರಸಂಗ ಎಂದಾಗಿದೆ. ನಡುವೆ ಅರಿಕೆಯೇ ಇಲ್ಲ. ಕೋರಸ್‌ಗಳಲ್ಲಿ ‘ಕೃಪೆ, ಕೃಪೆ’ ಎಂದು ಹತ್ತು ಸಲ ಬರುತ್ತದೆ, ಯಾವುದಕ್ಕೆ ಕೃಪೆ ಬೇಕಾಯಿತು ಎಂಬುದು ಒಂದು ಸಲವೂ ಬರುವುದಿಲ್ಲ.

ಕರುಣೆ ಎಂದು ನಾವು ಹಾಡುವಾಗ ಹಿಂದೆ ಇರುವ ಹೀಬ್ರೂ ಪದಗಳನ್ನು ಗೊತ್ತುಮಾಡಿಕೊಂಡರೆ ಹಾಡು ಆರಿಸುವುದು ಸುಲಭ. ‘ಹೆಸೆದ್’ ಅಂದರೆ ಕೊಟ್ಟ ಮಾತಿಗೆ ಕಟ್ಟುಬಿದ್ದ ಪ್ರೀತಿ, ಎದುರಿನವನು ಕೈಕೊಟ್ಟರೂ ತಾನು ಕೈಬಿಡದ ನಿಷ್ಠೆ. ಕೀರ್ತನೆ 136ರ 26 ವಚನಗಳಲ್ಲಿ 26 ಸಲವೂ ಇದೇ ಪದ ಮರುಕಳಿಸುತ್ತದೆ. ನಮ್ಮ ಸತ್ಯವೇದದಲ್ಲಿ ಅದು ‘ಕೃಪೆ’. ಇನ್ನೊಂದು ‘ರಹಮೀಮ್’. ಗರ್ಭ ಎಂಬ ಅರ್ಥದ ‘ರೆಹೆಮ್’ ಪದದ ಬಳಗದ್ದು ಅದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ, ‘ಹೆತ್ತ ಕರುಳು’ ಅಂದರೆ ಸಾಕು. ಲೂಕ 15ರಲ್ಲಿ, ಮನೆ ಬಿಟ್ಟು ಹೋಗಿ ಮರಳಿ ಬರುತ್ತಿದ್ದ ಕಿರಿಮಗನನ್ನು ದೂರದಲ್ಲಿ ಕಂಡ ತಂದೆಗೆ ಆದದ್ದನ್ನು ಹೇಳುವ ಗ್ರೀಕ್ ಕ್ರಿಯಾಪದವೂ ಒಳಗಿನ ಕರುಳಿನಿಂದಲೇ ಹುಟ್ಟಿದ್ದು. ಕರುಳು ಚುರ್ರ್ ಅಂದಿತು ಎಂದು ನಾವು ಹೇಳುವುದು ಅದನ್ನೇ. ‘ದೀರ್ಘಶಾಂತಿ’ಯ ಮೂಲ ಇನ್ನೂ ಸೊಗಸು. ಹೀಬ್ರೂವಿನಲ್ಲಿ ಅಕ್ಷರಶಃ ‘ಉದ್ದ ಮೂಗಿನವನು’ ಎಂದಿದೆ, ಕೋಪ ಬರಲು ತಡ ಎಂಬ ಅರ್ಥದಲ್ಲಿ. ನಾವು ಮುಂಗೋಪಿಯನ್ನು ‘ಮೂಗಿನ ತುದಿಯಲ್ಲೇ ಸಿಟ್ಟು’ ಅನ್ನುತ್ತೇವಲ್ಲ, ಸರಿಯಾಗಿ ಅದರ ವಿರುದ್ಧ. ಪ್ರಸಂಗದಲ್ಲಿ ಇಂಗ್ಲಿಷ್ ವ್ಯಾಖ್ಯಾನ ಓದಿ ಹೇಳುವ ಬದಲು ಇದನ್ನು ಹೇಳಿದರೆ ಹಳ್ಳಿಯ ಅಜ್ಜಿಗೂ ತಟ್ಟುತ್ತದೆ.

ಕ್ಷಮೆಯ ಸ್ತುತಿಗೆ ಮಾದರಿ ಬೇಕಿದ್ದರೆ ಕೀರ್ತನೆ 103. ಒಟ್ಟು 22 ವಚನ. ‘ನನ್ನ ಮನವೇ, ಯೆಹೋವನನ್ನು ಕೊಂಡಾಡು’ ಎಂದು ಶುರು, ಕೊನೆಯೂ ಅದೇ ಮಾತು. ಎರಡನೇ ವಚನ ಉಪಕಾರಗಳನ್ನು ಮರೆಯಬೇಡ ಅನ್ನುತ್ತದೆ. ಅದರ ಬೆನ್ನಿಗೇ ಐದು ಉಪಕಾರಗಳ ಎಣಿಕೆ: ಕ್ಷಮಿಸುವುದು, ವಾಸಿಮಾಡುವುದು, ನಾಶದಿಂದ ಬಿಡಿಸುವುದು, ಕೃಪೆಯ ಕಿರೀಟ ಇಡುವುದು, ತೃಪ್ತಿಪಡಿಸುವುದು. ಕ್ಷಮೆಯೇ ಮೊದಲು. ಮೊದಲ ಐದು ವಚನ ಒಬ್ಬನ ಮಾತು, ತನ್ನ ಮನಸ್ಸಿನೊಡನೆ. 10ನೇ ವಚನಕ್ಕೆ ಬರುವಷ್ಟರಲ್ಲಿ ‘ನಮ್ಮ ಪಾಪ’, ‘ನಮ್ಮ ಅಪರಾಧ’ ಎಂದಾಗಿರುತ್ತದೆ. 12ರಲ್ಲಿ ಮೂಡಣಕ್ಕೂ ಪಡುವಣಕ್ಕೂ ಇರುವ ದೂರ, 13ರಲ್ಲಿ ಮಕ್ಕಳನ್ನು ಕನಿಕರಿಸುವ ತಂದೆ, 14ರಲ್ಲಿ ನಾವು ಧೂಳೆಂಬ ನೆನಪು. ಕೊನೆಯಲ್ಲಿ ದೇವದೂತರು, ಇಡೀ ಸೃಷ್ಟಿ. ನಮ್ಮ ಬಹುತೇಕ ಹೊಸ ಹಾಡುಗಳು ಮೊದಲ ಐದು ವಚನದಲ್ಲೇ ನಿಂತುಬಿಡುತ್ತವೆ. ಹಾಡಿನ ಪಟ್ಟಿ ಮಾಡುವಾಗ ಒಂದು ಕೆಲಸ ಮಾಡಿ: ಪೆನ್ಸಿಲ್ ಹಿಡಿದು ‘ನಾನು’ ಎಷ್ಟು, ‘ನಾವು’ ಎಷ್ಟು ಎಂದು ಗುರುತು ಹಾಕಿ. ನಾಲ್ಕು ಹಾಡೂ ‘ನಾನು’ ಆಗಿದ್ದರೆ ಒಂದನ್ನು ಬದಲಿಸಿ. ಅರಿಕೆಯನ್ನು ಎಲ್ಲರೂ ಒಟ್ಟಿಗೆ ಮಾಡಿದ್ದೇವೆ, ಕೃತಜ್ಞತೆಯನ್ನೂ ಒಟ್ಟಿಗೆ ಹೇಳಬೇಕು.

ಅರಿಕೆಯ ನಂತರದ ಮೌನ ಬಹಳ ಕಡೆ ಹಾಳಾಗುತ್ತದೆ. ‘ಕೆಲವು ಕ್ಷಣ ಮೌನವಾಗಿರೋಣ’ ಎಂದು ಹೇಳಿ ಐದು ಸೆಕೆಂಡಿಗೆ ‘ಪ್ರಾರ್ಥಿಸೋಣ’ ಅಂದುಬಿಡುತ್ತಾರೆ. ಒಬ್ಬ ಮನುಷ್ಯನಿಗೆ ಕಳೆದ ವಾರದ ಒಂದು ಮಾತು, ಒಂದು ಮುಖ ನೆನಪಾಗಲು ಕಡಿಮೆಯೆಂದರೂ ಒಂದು ನಿಮಿಷ ಬೇಕು. ಗಡಿಯಾರ ನೋಡಿಯೇ ಬಿಡಿ. ಮೊದಲ ಎರಡು ವಾರ ಇಪ್ಪತ್ತನೇ ಸೆಕೆಂಡಿಗೆ ಕೆಮ್ಮು, ಬೆಂಚಿನ ಸದ್ದು ಶುರುವಾಗುತ್ತದೆ. ಮೂರನೇ ವಾರಕ್ಕೆ ಸಭೆ ಒಗ್ಗಿಕೊಳ್ಳುತ್ತದೆ. ಮೌನದ ಅಡಿಯಲ್ಲಿ ಕೀಬೋರ್ಡಿನ ಪ್ಯಾಡ್ ಸದ್ದು ಹಿಡಿದಿಡಬೇಡಿ. ಆ ಸದ್ದು ಮನಸ್ಸನ್ನು ಸಮಾಧಾನ ಮಾಡುತ್ತದೆ, ನಿಜ, ಆದರೆ ಇಲ್ಲಿ ಸಮಾಧಾನ ಬರಬೇಕಾದದ್ದು ಮುಂದಿನ ಮಾತಿನಿಂದ. ಕೀರ್ತನೆ 32 ಹೇಳುವ ಹಾಗೆ, ಬಚ್ಚಿಟ್ಟಾಗ ಎಲುಬು ಸವೆಯುತ್ತದೆ, ಒಪ್ಪಿಕೊಂಡಾಗ ಹೊರೆ ಇಳಿಯುತ್ತದೆ. ಬಚ್ಚಿಟ್ಟದ್ದು ಮೇಲೆ ಬರುವ ಮೊದಲೇ ಇಂಪಾದ ಸ್ವರದಿಂದ ಮುಚ್ಚಿಬಿಟ್ಟರೆ ಹೊರೆ ಹಾಗೇ ಉಳಿಯುತ್ತದೆ.

ಆಮೇಲೆ ಘೋಷಣೆ. ಇದರಲ್ಲಿ ಕನ್ನಡದ ಕ್ರಿಯಾಪದವೇ ಎಲ್ಲ. ‘ದೇವರು ನಿಮ್ಮನ್ನು ಕ್ಷಮಿಸಲಿ’ ಎಂಬುದು ಹಾರೈಕೆ. ‘ದೇವರು ಕ್ಷಮಿಸುತ್ತಾನೆ’ ಎಂಬುದು ಸಾರುವ ಮಾತು. ‘ನಮ್ಮನ್ನು ಕ್ಷಮಿಸು’ ಎಂಬುದು ಬೇಡಿಕೆ. ಕಥೋಲಿಕ ಬಲಿಪೂಜೆಯ ಆರಂಭದಲ್ಲಿ ಗುರುಗಳು ಹೇಳುವುದು ಹಾರೈಕೆಯ ರೂಪ. ಪಾಪನಿವೇದನೆಯ ಸಂಸ್ಕಾರದಲ್ಲಿ ಹೇಳುವ ವಿಮೋಚನೆಯ ಮಾತಿಗೆ ಇದು ಸಮವಲ್ಲ ಎಂದು ಅವರ ನಿಯಮವೇ ಸ್ಪಷ್ಟವಾಗಿ ಹೇಳುತ್ತದೆ. ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಪರಂಪರೆಯ ಪ್ರಭುಭೋಜನ ಸಂಸ್ಕಾರದ ಆರಾಧನೆಯಲ್ಲಿ ಘೋಷಣೆಗೆ ಆಧಾರವಾಗಿ ನಾಲ್ಕು ವಾಕ್ಯಗಳನ್ನು ಓದುತ್ತಾರೆ: ಮತ್ತಾಯ 11:28, ಯೋಹಾನ 3:16, 1 ತಿಮೊಥೆ 1:15, 1 ಯೋಹಾನ 2:1. ಯಾವ ಸಭೆಯವರಾದರೂ ಇವುಗಳಲ್ಲಿ ಒಂದನ್ನು ಓದಬಹುದು. ಓದುವವರು ತಲೆ ಎತ್ತಿ, ಸಭೆಯ ಮುಖ ನೋಡಿ, ನಿಧಾನವಾಗಿ ಓದಲಿ. ಆಗಾಗ ಕಾಣುವ ತಪ್ಪೆಂದರೆ, ಕಣ್ಣು ಮುಚ್ಚಿ ಪ್ರಾರ್ಥನೆಯ ಧಾಟಿಯಲ್ಲೇ ಹೇಳಿಬಿಡುವುದು. ಕೇಳುವವರಿಗೆ ಅದು ಇನ್ನೊಂದು ಪ್ರಾರ್ಥನೆ ಅನ್ನಿಸುತ್ತದೆ, ಸುದ್ದಿ ಅನ್ನಿಸುವುದಿಲ್ಲ.

(ಪದದ ವಿಷಯ ಬಂತು ಅಂತ ಒಂದು ಮಾತು. ‘ಕ್ಷಮಾಪಣೆ’ ಎಂದರೆ ಹೊರಗಿನವರಿಗೆ ತಪ್ಪಾಯಿತು ಎಂದು ಕೇಳುವುದು, ಪೇಪರಿನಲ್ಲಿ ‘ಕ್ಷಮಾಪಣೆ ಕೇಳಿದರು’ ಎಂದು ಬರುವ ಹಾಗೆ. ಸಭೆಯೊಳಗೆ ಅದೇ ಪದವನ್ನು ದೇವರು ಕೊಡುವ ಕ್ಷಮೆಗೂ ಬಳಸುತ್ತೇವೆ. ಹೊಸದಾಗಿ ಬಂದವರು ಗಲಿಬಿಲಿಗೊಳ್ಳುತ್ತಾರೆ. ಪರದೆಯ ಮೇಲೆ ಹಾಕುವಾಗ ‘ಕ್ಷಮೆ’ ಅಂದರೆ ಯಾರಿಗೂ ತೊಡಕಿಲ್ಲ.)

ಈಗ ಹಾಡು. ಘೋಷಣೆಯ ಮರುಕ್ಷಣದ ಹಾಡಿಗೆ ಒಂದೇ ಪರೀಕ್ಷೆ: ಅದರ ಕ್ರಿಯಾಪದ ಭೂತಕಾಲದಲ್ಲಿದೆಯೇ? ತೊಳೆದೆ, ಬಿಡಿಸಿದೆ, ಹೊತ್ತೆ, ಮರಳಿ ಕರೆದೆ. ಇಂಥ ಮಾತುಗಳಿದ್ದರೆ ಇಡಿ. ತೊಳೆ, ಬಿಡಿಸು, ಕರುಣಿಸು ಎಂದಿದ್ದರೆ ಅದು ಒಳ್ಳೆಯ ಹಾಡೇ, ಅರಿಕೆಗೆ ಮೊದಲು ಹಾಡಿ. ಉದ್ದ ಹಾಡು ಬೇಡ, ಎರಡು ಚರಣ ಸಾಕು. ಎದ್ದು ನಿಂತು ಹಾಡಲಿ, ಮೊಣಕಾಲೂರಿದವರು ಏಳುವುದೇ ಒಂದು ಉತ್ತರ.

ಶ್ರುತಿಯ ಬಗ್ಗೆ ಕ್ವಾಯರ್‌ನವರಿಗೆ ಒಂದು ವಿನಂತಿ. ಯೂಟ್ಯೂಬಿನ ರೆಕಾರ್ಡಿಂಗ್ ಯಾವ ಶ್ರುತಿಯಲ್ಲಿದೆಯೋ ಅದರಲ್ಲೇ ಸಭೆಗೆ ಹಾಡಿಸಬೇಡಿ. ಅದು ತಯಾರಾದ ಒಂದು ಕಂಠಕ್ಕೆ ಹೊಂದಿಸಿದ ಶ್ರುತಿ. ಸಾಮಾನ್ಯ ಹೆಂಗಸರ ದನಿ ನಡುವಣ ‘ಸಿ’ಯಿಂದ ಮೇಲಿನ ‘ಡಿ’ವರೆಗೆ ಹಾಯಾಗಿ ಓಡಾಡುತ್ತದೆ, ಗಂಡಸರದು ಅದರ ಒಂದು ಸ್ಥಾಯಿ ಕೆಳಗೆ. ಹಾಡಿನ ಅತಿ ಮೇಲಿನ ಸ್ವರ ‘ಡಿ’ ದಾಟಿದರೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಎರಡೋ ಮೂರೋ ಅರ್ಧಸ್ವರ ಇಳಿಸಿ. ಇಳಿಸದಿದ್ದರೆ ಗಂಡಸರು ಎರಡನೇ ಚರಣಕ್ಕೆ ಸುಮ್ಮನಾಗುತ್ತಾರೆ, ಸ್ತುತಿ ಮೈಕ್ ಹಿಡಿದ ನಾಲ್ವರದ್ದಾಗುತ್ತದೆ.

ರಾಗಕ್ಕಿಂತ ದೊಡ್ಡ ಕಷ್ಟ ಮಾತ್ರೆಯದು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, ಅದರ ಜೊತೆ ಜರ್ಮನ್ ಧಾಟಿಗಳೂ ಬಂದವು. ಆ ಧಾಟಿಗೆ ಕನ್ನಡ ಕೂರಿಸಿದಾಗ ಹ್ರಸ್ವ ಅಕ್ಷರದ ಮೇಲೆ ಉದ್ದ ಸ್ವರ ಬಿದ್ದರೆ ಪದವೇ ಬದಲಾಗುತ್ತದೆ. ‘ಮನವೇ’ ಎಳೆದರೆ ‘ಮಾನವೇ’. ‘ಕೊಡು’ ಎಳೆದರೆ ‘ಕೋಡು’. ‘ಕ್ಷಮೆ’ಯ ಮೊದಲ ಅಕ್ಷರ ಎಳೆದರೆ ಕಿವಿಗೆ ‘ಕ್ಷಾಮ’ದ ನೆನಪು. ಇಂಗ್ಲಿಷ್ ಕೋರಸ್ ಅನುವಾದಿಸುವವರು ಇವತ್ತೂ ಇದೇ ಗುಂಡಿಗೆ ಬೀಳುತ್ತಿದ್ದಾರೆ. ಅದೇ ಮಿಶನ್ನಿನ ಕಿಟ್ಟೆಲ್ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ 1875ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದವರು. ನಮ್ಮ ಪರಂಪರೆಯ ಒಳಗೇ ಛಂದಸ್ಸಿನ ಪಾಠ ಇದೆ, ತೆಗೆದು ನೋಡಬೇಕಷ್ಟೆ. ‘ಕರುಣೆ’ ಮೂರು ಲಘು, ಮೂರು ಮಾತ್ರೆಯ ನಡೆಗೆ ತಾನೇ ತಾನಾಗಿ ಕೂರುತ್ತದೆ. ‘ಕನಿಕರ’ ನಾಲ್ಕು ಲಘು, ಆದಿತಾಳದಲ್ಲಿ ಸಲೀಸು. ಹೊಸ ಹಾಡು ಬರೆದಾಗ ಮೊದಲು ರಾಗವಿಲ್ಲದೆ ಕೈತಟ್ಟಿ ಓದಿ. ನಾಲಗೆ ಎಡವಿದ ಕಡೆ ಸಭೆಯೂ ಎಡವುತ್ತದೆ.

ಬಲಿಪೂಜೆಯ ಕ್ರಮದಿಂದ ಎಲ್ಲರೂ ಕಲಿಯಬಹುದಾದದ್ದು ಒಂದಿದೆ. ಅಲ್ಲಿ ದಯೆ ಕೋರುವ ಕಿರುಪ್ರಾರ್ಥನೆಯ ನಂತರ ಬರುವ ‘ಮಹಿಮೆ’ಯ ಗೀತೆಯನ್ನು ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳ) ಮತ್ತು ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಲೆಂಟ್‌ನ) ಭಾನುವಾರಗಳಲ್ಲಿ ಹಾಡುವುದಿಲ್ಲ. ಈಸ್ಟರ್ ಜಾಗರಣೆಯ ರಾತ್ರಿ ಗಂಟೆಗಳು ಮೊಳಗುತ್ತಾ ಅದು ಮರಳುತ್ತದೆ. ಅಷ್ಟು ಭಾನುವಾರ ಬಾಯಲ್ಲಿ ತಡೆಹಿಡಿದ ಹಾಡು ಆ ರಾತ್ರಿ ಹೊರಬರುವಾಗ ಅದರ ತೂಕವೇ ಬೇರೆ. ನಮ್ಮ ಸಭೆಗಳೂ ಲೆಂಟ್‌ನಲ್ಲಿ ಚಪ್ಪಾಳೆಯ ಹಾಡುಗಳನ್ನು ಎತ್ತಿಟ್ಟು ನೋಡಬಹುದು.

ಸ್ತುತಿ ಹಾಡಿಗೇ ಮುಗಿಯಬಾರದು. ಮತ್ತಾಯ 18ರ ಸಾಮ್ಯದಲ್ಲಿ ರಾಜ ತನ್ನ ಆಳಿಗೆ ಬಿಟ್ಟ ಸಾಲ 10,000 ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಅಂದರೆ 6 ಕೋಟಿ ದಿನದ ಕೂಲಿ ಮನ್ನಾ. ಆ ಆಳು ಜೊತೆಯವನ ಕುತ್ತಿಗೆ ಹಿಡಿದದ್ದು 100 ದಿನಾರಿಗೆ. ಆರು ಲಕ್ಷ ಪಟ್ಟು ವ್ಯತ್ಯಾಸ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ತನ್ನ ಆರಾಧನಾ ಕ್ರಮದಲ್ಲಿ ಸಮಾಧಾನ ಹಂಚುವುದನ್ನು ಮರಳಿ ತಂದದ್ದು ಇದಕ್ಕೇ ಎಂದು ನಾನು ನಂಬುತ್ತೇನೆ: ಬಲಗೈಗೆ ಬಲಗೈ ತಾಗಿಸಿ, ಮೇಲೆ ಎಡಗೈ ಮುಚ್ಚಿ, ಒಬ್ಬರಿಂದ ಒಬ್ಬರಿಗೆ. ಇದನ್ನು ನಗುನಗುತ್ತಾ ಕುಶಲ ವಿಚಾರಿಸುವ ಹೊತ್ತಾಗಿ ಮಾಡಿಬಿಟ್ಟಿದ್ದೇವೆ. ಮಾತು ಬಿಟ್ಟವರ ಬೆಂಚಿನ ಕಡೆ ನಡೆದು ಹೋಗಲು ಇರುವ ಹೊತ್ತು ಅದು.

ಆದರೆ ನೊಂದವರ ಕೈ ಎಳೆದು ಸಮಾಧಾನ ಮಾಡಿಸಬೇಡಿ. ‘ದೇವರೇ ಕ್ಷಮಿಸಿದ ಮೇಲೆ ನೀವೂ ಬಿಟ್ಟುಬಿಡಿ’ ಎಂದು ಅನ್ಯಾಯ ಮಾಡಿದವನ ಪರ ವಕಾಲತ್ತು ವಹಿಸಬೇಡಿ. ಲೂಕ 19ರ ಸುಂಕದವನಾದ ಜಕ್ಕಾಯ ಕ್ಷಮೆಯ ಸಂತೋಷದಲ್ಲಿ ಹಾಡಲಿಲ್ಲ, ಲೆಕ್ಕ ಹೇಳಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಸಭೆಯಲ್ಲಿ ಯಾರಾದರೂ ಈ ಹಾಡಿನ ಹೊತ್ತಿಗೆ ಬಾಯಿ ತೆರೆಯದೆ ಕೂತಿದ್ದರೆ ‘ಎಲ್ಲರೂ ಜೋರಾಗಿ, ಕೈ ಎತ್ತಿ’ ಎಂದು ಮೈಕಿನಲ್ಲಿ ಕೂಗಬೇಡಿ. ಲೂಕ 15ರ ತಂದೆ, ಒಳಗೆ ವಾದ್ಯ ನುಡಿಯುತ್ತಿದ್ದಾಗಲೇ ಎದ್ದು, ಅಂಗಳದಲ್ಲಿ ಮುನಿಸಿಕೊಂಡು ನಿಂತಿದ್ದ ಹಿರಿಮಗನ ಹತ್ತಿರ ತಾನೇ ಹೋದ. ಆರಾಧನೆ ಮುಗಿದ ಮೇಲೆ ಹಾಗೆ ಕೂತವರ ಹತ್ತಿರ ಹೋಗಿ, ಏನೂ ಬೋಧಿಸದೆ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ.